ಎರಡು ಇಂಚು ಬಿಟ್ಟು ಹೊಲಿಯಿರಿ

ನಮ್ಮ ಧಾರವಾಡದ ದರ್ಜಿಗಳು ಮಕ್ಕಳ ಬಟ್ಟೆಗೆ ಎರಡು ಅಳತೆ ಹಿಡಿಯುತ್ತಿದ್ದರು. ಒಂದು ಟೇಪಿನದು, ಇನ್ನೊಂದು ಅಂದಾಜಿನದು. ಟೇಪು ಇವತ್ತಿನ ಲೆಕ್ಕ ಹೇಳಿದರೆ, ಅಂದಾಜು ಮುಂದಿನ ಬೇಸಿಗೆ ರಜೆಯವರೆಗಿನ ಲೆಕ್ಕ. "ಬೆಳಿಯೋ ಹುಡುಗ ಅದಾನ್ರಿ, ಎರಡ ಇಂಚ ಬಿಟ್ಟ ಹೊಲೀರಿ" ಎಂದು ಹೇಳದ ತಾಯಂದಿರೇ ಇರಲಿಲ್ಲ. ಹುಡುಗಿಯರ ಲಂಗದ ಅಂಚನ್ನು ಒಳಗೆ ಮಡಚಿ ಕೈಹೊಲಿಗೆ ಹಾಕಿರುತ್ತಿದ್ದರು. ವರ್ಷಕ್ಕೊಮ್ಮೆ ಆ ಮಡಿಕೆ ಬಿಚ್ಚಿದಾಗ, ಒಳಗಿದ್ದ ಭಾಗ ಬಿಸಿಲು ಕಾಣದ್ದರಿಂದ, ಕೆಳಗೊಂದು ಗಾಢ ಬಣ್ಣದ ಪಟ್ಟಿ ಎದ್ದು ಕಾಣುತ್ತಿತ್ತು. ಹುಡುಗಿ ಎಷ್ಟು ಬೆಳೆದಳು ಎಂಬುದಕ್ಕೆ ಆ ಪಟ್ಟಿಯೇ ಸಾಕ್ಷಿ.

ಈ ಎರಡು ಇಂಚಿನ ಲೆಕ್ಕ ಸುಮ್ಮನೆ ಹುಟ್ಟಿದ್ದಲ್ಲ. ನಾಲ್ಕೈದು ವರ್ಷದಿಂದ ಹತ್ತು ವರ್ಷದವರೆಗೆ ಮಗುವೊಂದು ವರ್ಷಕ್ಕೆ ಸುಮಾರು ಐದರಿಂದ ಆರು ಸೆಂಟಿಮೀಟರ್ ಬೆಳೆಯುತ್ತದೆ ಎಂದು ಮಕ್ಕಳ ವೈದ್ಯರ ಪುಸ್ತಕಗಳು ಹೇಳುತ್ತವೆ. ಎರಡು ಇಂಚು ಎಂದರೆ ಐದು ಸೆಂಟಿಮೀಟರ್. ಪುಸ್ತಕ ಓದದ ದರ್ಜಿ ಅದನ್ನು ಬಟ್ಟೆಯಿಂದಲೇ ಕಲಿತಿದ್ದ. ಆದರೆ ಅವನ ಲೆಕ್ಕ ತಪ್ಪುವ ಒಂದು ಕಾಲವಿದೆ. ಹತ್ತು ದಾಟಿದ ಮೇಲೆ, ಹದಿನೈದು ಹದಿನಾರರ ಒಳಗೆ, ಯಾವ ವರ್ಷ ಎಂದು ಮೊದಲೇ ಹೇಳಲು ಬಾರದ ಹಾಗೆ, ಬಟ್ಟೆ ಒಮ್ಮೆಗೇ ಗಿಡ್ಡವಾಗುತ್ತದೆ. ಡಾಕ್ಟರುಗಳು ಗ್ರೋತ್ ಸ್ಪರ್ಟ್ ಎನ್ನುತ್ತಾರೆ, ನಾವು ಬೆಳವಣಿಗೆಯ ಜಿಗಿತ ಎನ್ನೋಣ. ನಮ್ಮ ಮನೆಯಲ್ಲಿ ಈ ಲೆಕ್ಕ ಒಂದೇ ವರ್ಷ ಎರಡು ಕಡೆಯಿಂದ ತಪ್ಪಿತು. ಮಗಳಲ್ಲಿ ಜಿಗಿತ ಬಂತು, ಅವಳಿಗಿಂತ ಎರಡು ವರ್ಷ ದೊಡ್ಡವನಾದ ಮಗನಲ್ಲಿ ಬರಲಿಲ್ಲ.

ನಾವು ಪುಣೆಗೆ ಬಂದು ಹದಿನಾಲ್ಕು ವರ್ಷವಾಯಿತು. ಮೂರು ಬಾಡಿಗೆ ಮನೆ ಬದಲಾಯಿಸಿದ್ದೇವೆ. ಬಾಡಿಗೆ ಮನೆಯ ಬಾಗಿಲ ಚೌಕಟ್ಟಿನ ಮೇಲೆ ಮಕ್ಕಳ ಎತ್ತರದ ಗೆರೆ ಎಳೆದರೆ ಮನೆ ಬಿಡುವಾಗ ಗೆರೆಯನ್ನೂ ಬಿಟ್ಟು ಬರಬೇಕು. ಅದಕ್ಕೇ ನಮ್ಮ ಮನೆಯಲ್ಲಿ ಗೆರೆಗಳಿರುವುದು ಸ್ಟೀಲ್ ಕಪಾಟಿನ ಪಕ್ಕದಲ್ಲಿ. ಟೆಂಪೋ ಹತ್ತಿ ನಮ್ಮ ಜೊತೆಗೇ ಮನೆಯಿಂದ ಮನೆಗೆ ಬಂದ ಕಪಾಟು ಅದು. ವರ್ಷಕ್ಕೆ ಎರಡು ಸಲ, ಯುಗಾದಿಗೆ ಮತ್ತು ದಸರೆಗೆ, ಚಪ್ಪಲಿ ಬಿಟ್ಟು, ಹಿಮ್ಮಡಿ ತಾಗಿಸಿ ನಿಲ್ಲಬೇಕು. ತಲೆಯ ಮೇಲೆ ದಪ್ಪ ಪುಸ್ತಕ ಇಟ್ಟು ಪೆನ್ನಿನಿಂದ ಗೆರೆ. ಬೆಳಿಗ್ಗೆಯೇ ಆಗಬೇಕು. ದಿನವಿಡೀ ನಿಂತು ಕೂತು ಮಾಡಿದರೆ ಬೆನ್ನುಹುರಿಯ ಮೂಳೆಗಳ ನಡುವಿನ ಮೆತ್ತೆಗಳು ಒತ್ತಿಕೊಂಡು ಸಂಜೆಗೆ ಒಂದು ಸೆಂಟಿಮೀಟರಿನಷ್ಟು ಎತ್ತರ ಕಡಿಮೆಯಾಗುತ್ತದೆ.

ಆ ಗೆರೆಗಳ ಲೆಕ್ಕ ಹೀಗಿತ್ತು. ಹೋದ ವರ್ಷದ ಯುಗಾದಿಗೆ ಮಗ 138.5 ಸೆಂಟಿಮೀಟರ್, ಮಗಳು 136. ದಸರೆಗೆ ಅವನು 141, ಅವಳು 140.5. ಈ ವರ್ಷದ ಯುಗಾದಿಗೆ ಅವನು 143, ಅವಳು 145. ಹದಿಮೂರರ ಅಣ್ಣನನ್ನು ಹನ್ನೊಂದರ ತಂಗಿ ದಾಟಿದ್ದಳು. ಅವತ್ತು ಬೇವು ಬೆಲ್ಲ ತಿಂದ ಬಾಯಲ್ಲಿ ಅವನು ಯಾರ ಜೊತೆಯೂ ಮಾತಾಡಲಿಲ್ಲ.

ಮಾತಾಡಲು ಬೇರೆಯವರು ಇದ್ದರಲ್ಲ. ಫೋನಿನಲ್ಲಿ ಅವ್ವ, "ಹುಡುಗಗ ಸರಿಯಾಗಿ ಉಣ್ಣಾಕ ಹಾಕ್ತೀಯೋ ಇಲ್ಲೋ?" ಎಂದಳು. ಸೊಸೈಟಿಯ ಲಿಫ್ಟಿನಲ್ಲಿ ಪಕ್ಕದ ಮನೆಯ ಕಾಕು, "ಹ್ಯಾಚೀ ಉಂಚೀ ಕಾ ವಾಢತ್ ನಾಹೀ?" ಎಂದು ಅವನೆದುರೇ ಕೇಳಿದರು. ಶಾಲೆಯ ಫುಟ್‌ಬಾಲ್ ತಂಡದ ಆಯ್ಕೆಯಲ್ಲಿ "ಆಟ ಚೆನ್ನಾಗಿದೆ, ಮೈಕಟ್ಟು ಬರಲಿ, ಮುಂದಿನ ವರ್ಷ ನೋಡೋಣ" ಎಂದರಂತೆ. ಅವನ ವಯಸ್ಸಿನ ಇನ್ನೊಬ್ಬ ಹುಡುಗನಿಗೆ ಆಗಲೇ ಮೀಸೆ ಚಿಗುರಿತ್ತು, ಇವನಿಗಿಂತ ಒಂದು ತಲೆ ಎತ್ತರವಿದ್ದ. ಇಬ್ಬರೂ 14 ವರ್ಷದೊಳಗಿನವರ ಪಟ್ಟಿಯಲ್ಲೇ. ಮನೆಗೆ ಬಂದವನು ಬಾಗಿಲಿಗೆ ಸಿಕ್ಕಿಸುವ ಕಬ್ಬಿಣದ ಸರಳು ತರಿಸಿಕೊಡು ಎಂದ. ರಾತ್ರಿ ಅದಕ್ಕೆ ಜೋತುಬೀಳುವುದು ಶುರುವಾಯಿತು. ಒಂದು ರಾತ್ರಿ ದೀಪ ಆರಿಸಿದ ಮೇಲೆ ಕೇಳಿದ: "ಅಮ್ಮ, ನಾ ಹಿಂಗ ಉಳೀತೇನೇನು?"

ಆ ಪ್ರಶ್ನೆಗೆ "ಇಲ್ಲೋ ಮಾರಾಯ, ಬೆಳೀತಿ ಬಿಡು" ಎನ್ನುವುದು ಸುಲಭ. ಆದರೆ ಯಾಕೆ ಬೆಳೆಯುತ್ತಾನೆ, ಯಾವಾಗ ಬೆಳೆಯುತ್ತಾನೆ ಎಂದು ಗೊತ್ತಿಲ್ಲದೆ ಹೇಳಿದ ಸಮಾಧಾನವನ್ನು ಹದಿಮೂರು ವರ್ಷದ ಹುಡುಗ ನಂಬುವುದಿಲ್ಲ. ಹಾಗಾಗಿ ಗೊತ್ತುಮಾಡಿಕೊಂಡೆ.

ಕಪಾಟಿನ ಮೇಲೆ ಗೆರೆ ಎಳೆಯುವ ನಮ್ಮ ಪದ್ಧತಿಗೆ ದೊಡ್ಡ ವಂಶಾವಳಿಯೇ ಇದೆ. ಫ್ರಾನ್ಸಿನಲ್ಲಿ ಗೆನೊ ದ ಮಾಂಬೆಯಾರ್ ಎಂಬ ಶ್ರೀಮಂತ 1759ರಲ್ಲಿ ಹುಟ್ಟಿದ ತನ್ನ ಮಗನನ್ನು ಸುಮಾರು ಆರು ತಿಂಗಳಿಗೊಮ್ಮೆ ನಿಲ್ಲಿಸಿ ಅಳೆದ. 1777ರವರೆಗೆ, ಹದಿನೆಂಟು ವರ್ಷ ಬಿಡದೆ ಅಳೆದ. ಅವನ ಗೆಳೆಯ, ನಿಸರ್ಗ ವಿಜ್ಞಾನಿ ಬ್ಯೂಫಾನ್ ಆ ಅಂಕಿಗಳನ್ನು ತನ್ನ ಗ್ರಂಥದಲ್ಲಿ ಅಚ್ಚು ಹಾಕಿಸಿದ. ಹುಟ್ಟಿನಿಂದ ದೊಡ್ಡವನಾಗುವವರೆಗೆ ಒಂದೇ ಮಗುವನ್ನು ಅಳೆದ ದಾಖಲೆಗಳಲ್ಲಿ ಇದೇ ಅತ್ಯಂತ ಹಳೆಯದು ಎನ್ನುತ್ತಾರೆ. 1927ರಲ್ಲಿ ಅಮೆರಿಕದ ಸ್ಕ್ಯಾಮನ್ ಅದನ್ನು ಸೆಂಟಿಮೀಟರಿಗೆ ತಿರುಗಿಸಿ ನಕ್ಷೆ ಬಿಡಿಸಿದ. ಮುಂದೆ ಇಂಗ್ಲೆಂಡಿನ ಜೇಮ್ಸ್ ಟ್ಯಾನರ್, ಮಕ್ಕಳ ಬೆಳವಣಿಗೆಯ ಅಧ್ಯಯನಕ್ಕೆ ಜೀವನ ಮುಡಿಪಿಟ್ಟ ವೈದ್ಯ, ಅದೇ ಹುಡುಗನ ಅಂಕಿಗಳಿಂದ ಎರಡು ನಕ್ಷೆಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದ. ಒಂದು, ಯಾವ ವಯಸ್ಸಿಗೆ ಎಷ್ಟು ಎತ್ತರ. ಇನ್ನೊಂದು, ಯಾವ ವಯಸ್ಸಿನಲ್ಲಿ ವರ್ಷಕ್ಕೆ ಎಷ್ಟು ಬೆಳೆದ.

ಮಳೆಗಾಲದಲ್ಲಿ ಕನ್ನಡ ಪತ್ರಿಕೆಗಳು ಜಲಾಶಯಗಳ ಪಟ್ಟಿ ಹಾಕುತ್ತವಲ್ಲ, ಈ ಎರಡರ ವ್ಯತ್ಯಾಸ ಅಲ್ಲಿದೆ. ಇಂದಿನ ಮಟ್ಟ ಒಂದು ಸಾಲು, ಒಳಹರಿವು ಇನ್ನೊಂದು ಸಾಲು. ಮಟ್ಟ ಮಾತ್ರ ನೋಡಿದವನಿಗೆ ಕೆರೆ ತುಂಬಿದೆಯೋ ಇಲ್ಲವೋ ಗೊತ್ತಾಗುತ್ತದೆ, ತುಂಬುತ್ತದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಅದಕ್ಕೆ ಒಳಹರಿವು ನೋಡಬೇಕು. ಲಿಫ್ಟಿನ ಕಾಕು ನೋಡಿದ್ದು ಮಟ್ಟ. ನಾವೆಲ್ಲ ಮಕ್ಕಳನ್ನು ಸಾಲಾಗಿ ನಿಲ್ಲಿಸಿದಾಗ ನೋಡುವುದೂ ಮಟ್ಟವನ್ನೇ.

ಒಳಹರಿವಿನ ಕಥೆ ಹೀಗಿದೆ. ಹುಟ್ಟುವಾಗ ಮಗುವಿನ ಉದ್ದ ಸುಮಾರು 50 ಸೆಂಟಿಮೀಟರ್. ಮೊದಲ ವರ್ಷದಲ್ಲಿ 25 ಸೆಂಟಿಮೀಟರ್ ಬೆಳೆಯುತ್ತದೆ. ಆಮೇಲೆ ಜೀವನದಲ್ಲಿ ಎಂದೂ ಆ ವೇಗ ಮರಳಿ ಬರುವುದಿಲ್ಲ. ಎರಡನೆಯ ವರ್ಷ ಅದರ ಅರ್ಧ. ನಾಲ್ಕು ವರ್ಷಕ್ಕೆ ಹುಟ್ಟಿದಾಗಿನ ಎರಡರಷ್ಟು, ಅಂದರೆ ಒಂದು ಮೀಟರ್. ಅಲ್ಲಿಂದ ದರ್ಜಿಯ ಎರಡು ಇಂಚಿನ ಕಾಲ. ಜಿಗಿತ ಶುರುವಾಗುವ ಸ್ವಲ್ಪ ಮೊದಲು ವೇಗ ಇನ್ನಷ್ಟು ತಗ್ಗುತ್ತದೆ. ಹುಡುಗಿಯರಲ್ಲಿ ಹತ್ತರ ಹೊತ್ತಿಗೆ ಏರತೊಡಗಿ, ಹನ್ನೊಂದು ಹನ್ನೆರಡರ ನಡುವೆ ತುದಿ ಮುಟ್ಟುತ್ತದೆ. ಆಗಿನ ವೇಗ ವರ್ಷಕ್ಕೆ ಎಂಟು ಸೆಂಟಿಮೀಟರಿನಷ್ಟು. ಹುಡುಗರಲ್ಲಿ ಇದೆಲ್ಲ ಸುಮಾರು ಎರಡು ವರ್ಷ ತಡ. ಹದಿಮೂರೂವರೆ ಹದಿನಾಲ್ಕರ ಸುಮಾರಿಗೆ ತುದಿ, ವೇಗ ಒಂಬತ್ತು ಹತ್ತು ಸೆಂಟಿಮೀಟರ್. ಇದು ಸರಾಸರಿ. ಒಬ್ಬೊಬ್ಬರಲ್ಲಿ ಎರಡು ವರ್ಷ ಹಿಂದೆ ಮುಂದೆ ಆಗುವುದು ಸಾಮಾನ್ಯ.

ಈ ಎರಡು ವರ್ಷದ ತಡವೇ ಗಂಡಸರು ಸರಾಸರಿ 13 ಸೆಂಟಿಮೀಟರ್ ಎತ್ತರ ಇರುವುದಕ್ಕೆ ಒಂದು ದೊಡ್ಡ ಕಾರಣ. ಹುಡುಗಿ ಜಿಗಿದು ಮುಗಿಸುವ ಹೊತ್ತಿಗೆ ಹುಡುಗ ಇನ್ನೂ ವರ್ಷಕ್ಕೆ ಎರಡು ಇಂಚಿನಂತೆ ಕೂಡಿಸುತ್ತ ಇರುತ್ತಾನೆ. ಜಿಗಿಯುವ ಮೊದಲೇ ಅವನ ನೆಲ ಎತ್ತರವಾಗಿರುತ್ತದೆ. ಆರನೆಯ, ಏಳನೆಯ ಇಯತ್ತೆಯ ಯಾವುದೇ ತರಗತಿಯ ಗುಂಪು ಫೋಟೋ ತೆಗೆದು ನೋಡಿ, ಹಿಂದಿನ ಸಾಲಿನಲ್ಲಿ ಹುಡುಗಿಯರಿರುತ್ತಾರೆ. ಹತ್ತನೆಯದರ ಫೋಟೋದಲ್ಲಿ ಅವರೇ ಮುಂದಿನ ಸಾಲಿಗೆ ಬಂದಿರುತ್ತಾರೆ. ಅವರು ಕುಗ್ಗಿದ್ದಲ್ಲ, ಹಿಂದಿನವರ ಗಡಿಯಾರ ಬಾರಿಸಿದೆ.

ಗಡಿಯಾರ ಇರುವುದು ಮೂಳೆಯಲ್ಲಿ. ಕೈಕಾಲಿನ ಉದ್ದ ಮೂಳೆಗಳ ತುದಿಯ ಹತ್ತಿರ ಮೆಲ್ಲೆಲುಬಿನ ತೆಳುವಾದ ಪದರ ಇರುತ್ತದೆ. ಅಲ್ಲಿ ಜೀವಕೋಶಗಳು ಸಾಲಾಗಿ ಹುಟ್ಟಿ, ಉಬ್ಬಿ, ಕೊನೆಗೆ ಗಟ್ಟಿ ಮೂಳೆಯಾಗುತ್ತವೆ. ಕಟ್ಟಡಕ್ಕೆ ಇಟ್ಟಿಗೆಯ ವರಸೆ ಏರಿದ ಹಾಗೆ ಮೂಳೆ ಉದ್ದವಾಗುತ್ತದೆ. ಹರೆಯದಲ್ಲಿ ಲೈಂಗಿಕ ಹಾರ್ಮೋನುಗಳು ಈ ಕೆಲಸಕ್ಕೆ ವೇಗ ಕೊಡುತ್ತವೆ, ಕೊನೆಗೆ ಆ ಪದರವನ್ನು ಗಟ್ಟಿಮಾಡಿ ಕೆಲಸ ಮುಗಿಸುವುದೂ ಅವೇ. ಮುಗಿಸುವ ಮುಖ್ಯ ಹಾರ್ಮೋನು, ಹುಡುಗರಲ್ಲೂ ಸಹ, ಈಸ್ಟ್ರೋಜನ್. 1994ರಲ್ಲಿ ಅಮೆರಿಕದ ವೈದ್ಯರು 28 ವರ್ಷದ ಒಬ್ಬನ ಬಗ್ಗೆ ವರದಿ ಮಾಡಿದರು. ಅವನ ದೇಹಕ್ಕೆ ಈಸ್ಟ್ರೋಜನ್ನಿನ ಮಾತು ಕೇಳಿಸುತ್ತಿರಲಿಲ್ಲ. ಎತ್ತರ 204 ಸೆಂಟಿಮೀಟರ್, ಮೂಳೆಯ ಪದರಗಳು ಇನ್ನೂ ತೆರೆದೇ ಇದ್ದವು. ಅಂದರೆ ಬೇಗ ಜಿಗಿದವರ ಪದರ ಬೇಗ ಮುಚ್ಚುತ್ತದೆ. ತಡವಾಗಿ ಜಿಗಿಯುವವರಿಗೆ ಬೆಳೆಯಲು ಹೆಚ್ಚು ದಿನ ಸಿಗುತ್ತದೆ.

ಜಿಗಿತಕ್ಕೆ ಒಂದು ಕ್ರಮವೂ ಇದೆ. ಮೊದಲು ಪಾದ ಮತ್ತು ಅಂಗೈ, ಆಮೇಲೆ ಕಾಲು ಕೈ, ಕೊನೆಗೆ ಮುಂಡ. ಅದಕ್ಕೇ ಪ್ಯಾಂಟಿಗಿಂತ ಮೊದಲು ಬೂಟು ಚಿಕ್ಕದಾಗುತ್ತದೆ. ಈ ವಯಸ್ಸಿನ ಮಕ್ಕಳು ಲೋಟ ಉರುಳಿಸುವುದು, ಮೇಜಿಗೆ ಮೊಣಕಾಲು ಬಡಿಸಿಕೊಳ್ಳುವುದು ನೋಡಿ "ಕಣ್ಣು ಎಲ್ಲಿಟ್ಟಿದ್ದೀ" ಎಂದು ಬೈಯುತ್ತೇವೆ. ನಿನ್ನೆ ಮೊನ್ನೆ ಉದ್ದವಾದ ಕೈಕಾಲಿನ ಅಂದಾಜು ಅವಕ್ಕೇ ಇನ್ನೂ ಸಿಕ್ಕಿರುವುದಿಲ್ಲ.

ಕೂಸುಗಳ ಬೆಳವಣಿಗೆಯೂ ನಾವಂದುಕೊಂಡಷ್ಟು ನಯವಾಗಿ ಸಾಗುವುದಿಲ್ಲ. ಅಮೆರಿಕದ ಮಿಶೆಲ್ ಲ್ಯಾಂಪಲ್ ಮತ್ತು ಜೊತೆಗಾರರು 31 ಕೂಸುಗಳನ್ನು ಮೇಲಿಂದ ಮೇಲೆ ಅಳೆದು 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೂಸುಗಳು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಒಂದಿಷ್ಟೂ ಬೆಳೆಯದೆ ಇದ್ದು ಒಮ್ಮೆಲೆ ಅರ್ಧ ಸೆಂಟಿಮೀಟರೋ ಅದಕ್ಕಿಂತ ಹೆಚ್ಚೋ ಜಿಗಿಯುತ್ತವೆ ಎಂದು ಕಂಡಿತು. "ರಾತ್ರಿ ಬೆಳಗಾಗೋದರಾಗ ಬೆಳೀತು" ಎಂದು ಅಜ್ಜಿಯರು ಹೇಳುವುದರಲ್ಲಿ ಉತ್ಪ್ರೇಕ್ಷೆ ಅಷ್ಟೇನಿಲ್ಲ. ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಒಸರುವುದೂ ಗಾಢ ನಿದ್ದೆಯಲ್ಲೇ.

ಇಷ್ಟು ತಿಳಿದುಕೊಂಡು ಮಕ್ಕಳ ಡಾಕ್ಟರ ಹತ್ತಿರ ಹೋದೆವು. ಅವರು ಮಗನನ್ನು ಮುಟ್ಟುವ ಮೊದಲು ಕಪಾಟಿನ ಅಂಕಿಗಳನ್ನು ಬರೆದುಕೊಂಡರು. ಭಾರತೀಯ ಮಕ್ಕಳ ವೈದ್ಯರ ಸಂಘ 5ರಿಂದ 18 ವರ್ಷದವರಿಗಾಗಿ 2015ರಲ್ಲಿ ತಂದ ನಕ್ಷೆಯ ಮೇಲೆ ಒಂದೊಂದೇ ಚುಕ್ಕೆ ಇಟ್ಟರು. ಆ ನಕ್ಷೆ ನಮ್ಮ ದೇಶದ ಮಕ್ಕಳನ್ನು ಅಳೆದು ಮಾಡಿದ್ದು. ಮಗನ ಚುಕ್ಕೆಗಳು ಕೆಳಗಿನ ಗೆರೆಗಳ ನಡುವೆ ಇದ್ದವು, ಆದರೆ ಗೆರೆಗಳ ಒಳಗೇ ಇದ್ದವು. ನಂತರ ನಮ್ಮಿಬ್ಬರ ಎತ್ತರ ಕೇಳಿದರು. ನನ್ನದು 157, ನನ್ನವರದು 171. ಹುಡುಗನಿಗಾದರೆ ಎರಡನ್ನೂ ಕೂಡಿಸಿ 13 ಸೇರಿಸಿ ಅರ್ಧ ಮಾಡಬೇಕು, ಹುಡುಗಿಗಾದರೆ 13 ಕಳೆದು ಅರ್ಧ. ಇವನಿಗೆ 170.5, ಅವಳಿಗೆ 157.5. ಇದು ಗುರಿಯ ಸುತ್ತಲಿನ ಪ್ರದೇಶ ಮಾತ್ರ, ಏಳೆಂಟು ಸೆಂಟಿಮೀಟರ್ ಆಚೀಚೆ ಆಗಬಹುದು.

ಆಮೇಲೆ ಕೇಳಿದ ಪ್ರಶ್ನೆ ಇದು: "ನೀವು ಯಾವಾಗ ಬೆಳೆದಿರಿ?" ನನ್ನವರು ನಕ್ಕರು. ಎಸ್ಸೆಸ್ಸೆಲ್ಸಿ ಗುಂಪು ಫೋಟೋದಲ್ಲಿ ಅವರು ನೆಲದ ಮೇಲೆ ಕೂತ ಸಾಲಿನಲ್ಲಿದ್ದಾರೆ, ಮೇಷ್ಟರ ಕಾಲ ಬುಡದಲ್ಲಿ. ಪಿಯುಸಿ ಎರಡನೆಯ ವರ್ಷಕ್ಕೆ ಬರುವಷ್ಟರಲ್ಲಿ ಅಣ್ಣನ ಪ್ಯಾಂಟು ಗಿಡ್ಡವಾಗಿತ್ತು. ಮದುವೆಯಾಗಿ ಹದಿನಾರು ವರ್ಷ ಆ ಫೋಟೋ ಮನೆಯಲ್ಲಿದೆ. ಮಗ ಅದನ್ನು ನೂರು ಸಲ ನೋಡಿದ್ದಾನೆ, ಅಪ್ಪನನ್ನು ಗುರುತಿಸಿ ನಕ್ಕಿದ್ದಾನೆ. ಆ ಫೋಟೋ ತನ್ನದೂ ಹೌದು ಎಂದು ಅವನಿಗೆ ತಿಳಿದದ್ದು ಅವತ್ತು.

ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆಸಿದರು. ಕೈಯ ಸಣ್ಣ ಮೂಳೆಗಳು ಎಷ್ಟು ಬಲಿತಿವೆ ಎಂದು ನೋಡಿ ಮೂಳೆಯ ವಯಸ್ಸು ಹೇಳುತ್ತಾರೆ. ಇವನ ಜನ್ಮದಾಖಲೆ ಹದಿಮೂರು ಎಂದರೆ ಮೂಳೆ ಹನ್ನೊಂದೂವರೆ ಎಂದಿತು. ಥೈರಾಯ್ಡ್ ಸರಿಯಿತ್ತು, ರಕ್ತ ಸರಿಯಿತ್ತು. "ಇವನು ಗಿಡ್ಡ ಅಲ್ಲ, ತಡ" ಎಂದರು ಡಾಕ್ಟರು. ಆರು ತಿಂಗಳು ಬಿಟ್ಟು ಬನ್ನಿ ಎಂದರು. ಔಷಧಿ ಬರೆಯಲಿಲ್ಲ.

ಅಣ್ಣನ ಜೊತೆಗೆ ಬಂದು ಮೂಲೆಯ ಕುರ್ಚಿಯಲ್ಲಿ ಬೆನ್ನು ಬಗ್ಗಿಸಿ ಕೂತಿದ್ದ ಮಗಳ ಕಡೆ ಅವರು ತಿರುಗಿದ್ದು ಆಗ. ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿದರು. ಮಧ್ಯಾಹ್ನ ಶಾಲೆಯಿಂದ ಬಂದು ಮಲಗುತ್ತೀಯಾ ಎಂದು ಕೇಳಿದರು. ಅವಳ ಹಿಮೋಗ್ಲೋಬಿನ್ 10.8 ಬಂತು. ಮೂರು ತಿಂಗಳ ಕಬ್ಬಿಣದ ಮಾತ್ರೆ ಬರೆದದ್ದು ಅವಳಿಗೆ.

ಎತ್ತರ ಬೆಳೆದ ಮಗು ಗಟ್ಟಿಮುಟ್ಟಾಗಿದೆ ಎಂದು ಎಲ್ಲರೂ ನಂಬುತ್ತಾರೆ. ಆದರೆ ಜಿಗಿಯುವ ದೇಹಕ್ಕೆ ರಕ್ತವೂ ಹೆಚ್ಚು ಬೇಕು, ರಕ್ತಕ್ಕೆ ಕಬ್ಬಿಣ ಬೇಕು. ಹುಡುಗಿಯರಿಗೆ ಮುಟ್ಟು ಶುರುವಾದರೆ ತಿಂಗಳು ತಿಂಗಳು ಅದು ಹೊರಗೂ ಹೋಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59 ಮಂದಿಗೆ ರಕ್ತಹೀನತೆ ಇದೆ, ಹುಡುಗರಲ್ಲಿ ಶೇ. 31. ಟಿವಿಯಲ್ಲಿ ತೋರಿಸುವ ಎತ್ತರದ ಪುಡಿ ಡಬ್ಬಿಗಳು ಮೂಳೆಯ ಗಡಿಯಾರವನ್ನು ಮುಂದೆ ತಿರುಗಿಸಲಾರವು. ಸರಳಿಗೆ ಜೋತುಬಿದ್ದರೆ ತೋಳು ಗಟ್ಟಿಯಾದೀತು, ಮೂಳೆ ಉದ್ದವಾಗದು. ಬೇಕಾದದ್ದು ಮನೆಯ ಊಟವೇ: ಬೇಳೆ, ಮೊಳಕೆ ಕಾಳು, ಸೊಪ್ಪು, ಹಾಲು ಮೊಸರು, ತಿನ್ನುವವರಿಗೆ ಮೊಟ್ಟೆ ಮೀನು, ಊಟದ ಜೊತೆ ನಿಂಬೆಹಣ್ಣು. ನೂರು ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇರುತ್ತದೆ. ಜೋಳದ ರೊಟ್ಟಿಯ ನಮ್ಮ ಮನೆಗೂ ಈಗ ವಾರಕ್ಕೆರಡು ಸಲ ರಾಗಿ ಬಂದಿದೆ. ಜೊತೆಗೆ ಬಿಸಿಲು, ಓಡಾಟ, ನಿದ್ದೆ.

ಕಾಯಬಾರದ ಸಂದರ್ಭಗಳೂ ಇವೆ, ಅವನ್ನು ಡಾಕ್ಟರು ಬಿಡಿಸಿ ಹೇಳಿದರು. ಐದು ವರ್ಷದ ನಂತರ, ಹರೆಯ ಬರುವ ಮೊದಲು, ಮಗು ವರ್ಷಕ್ಕೆ ನಾಲ್ಕು ಸೆಂಟಿಮೀಟರಿಗಿಂತ ಕಡಿಮೆ ಬೆಳೆದರೆ ತೋರಿಸಬೇಕು. ನಕ್ಷೆಯಲ್ಲಿ ಒಂದು ಗೆರೆ ಹಿಡಿದು ಬರುತ್ತಿದ್ದ ಮಗು ಕೆಳಗಿನ ಗೆರೆಗೆ ಜಾರಿದರೆ ತೋರಿಸಬೇಕು. ಹುಡುಗಿಯರಲ್ಲಿ ಎಂಟಕ್ಕೆ ಮೊದಲು, ಹುಡುಗರಲ್ಲಿ ಒಂಬತ್ತಕ್ಕೆ ಮೊದಲು ಹರೆಯದ ಲಕ್ಷಣ ಕಂಡರೆ, ಅಥವಾ ಹುಡುಗಿಗೆ ಹದಿಮೂರು, ಹುಡುಗನಿಗೆ ಹದಿನಾಲ್ಕು ತುಂಬಿದರೂ ಏನೂ ಕಾಣದಿದ್ದರೆ ತೋರಿಸಬೇಕು. ಥೈರಾಯ್ಡ್ ಕೊರತೆ, ಗೋಧಿ ಒಗ್ಗದ ಸೀಲಿಯಾಕ್ ರೋಗ, ಹುಡುಗಿಯರಲ್ಲಿ ಟರ್ನರ್ ಸಿಂಡ್ರೋಮ್, ಇಂಥವು ಮೊದಲು ಎತ್ತರದಲ್ಲೇ ಕಾಣಿಸಿಕೊಳ್ಳಬಹುದು. ಮೂಳೆಯ ಪದರ ಮುಚ್ಚಿದ ಮೇಲೆ ಹೋದರೆ ಡಾಕ್ಟರ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಕಾಯಬೇಕೋ ಬೇಡವೋ ಎಂದು ಹೇಳುವುದು ಪಕ್ಕದ ಮನೆಯ ಹುಡುಗನ ಎತ್ತರವಲ್ಲ, ಅದೇ ಮಗುವಿನ ಎರಡು ಗೆರೆಗಳ ನಡುವಿನ ಅಂತರ.

ಇಷ್ಟೆಲ್ಲ ತಿಳಿದ ಮೇಲೆ ನನ್ನನ್ನು ಕಾಡಿದ್ದು ಸೆಂಟಿಮೀಟರುಗಳಲ್ಲ. ದೊಡ್ಡವರು ಮಕ್ಕಳ ಎತ್ತರ ನೋಡಿ ಅವರ ವಯಸ್ಸು ಓದುತ್ತಾರೆ, ವಯಸ್ಸು ಓದಿ ನಡೆಸಿಕೊಳ್ಳುತ್ತಾರೆ. ಹದಿಮೂರರ ನನ್ನ ಮಗನ ಕೆನ್ನೆಯನ್ನು ಇನ್ನೂ ಚಿವುಟುತ್ತಾರೆ, ರಸ್ತೆ ದಾಟುವಾಗ ಕೈ ಹಿಡಿಯುತ್ತಾರೆ, ದೊಡ್ಡವರ ಮಾತಿನ ನಡುವೆ ಅವನು ಬಾಯಿ ಬಿಟ್ಟರೆ ನಗುತ್ತಾರೆ. ಹನ್ನೊಂದರ ಮಗಳಿಗೆ "ಇಷ್ಟು ದೊಡ್ಡಾಕಿ ಆಗಿ ಅಳ್ತೀಯಾ" ಎನ್ನುತ್ತಾರೆ. ನೃತ್ಯದ ಕ್ಲಾಸಿನಲ್ಲಿ ಅವಳನ್ನು ಹಿಂದಿನ ಸಾಲಿಗೆ ಕಳಿಸಿದರು. ಸಂಬಂಧಿಕರ ಮನೆಗೆ ಹೋದರೆ ಅವಳ ವಯಸ್ಸಿನವರು ಆಡುವಾಗ ಇವಳ ಕೈಗೆ ತಟ್ಟೆ ಲೋಟ ಬರುತ್ತವೆ. ಸೊಸೈಟಿಯ ಗೇಟಿನ ಹತ್ತಿರ ನಿಲ್ಲುವ ದೊಡ್ಡ ಹುಡುಗರು ಅವಳನ್ನು ನೋಡುವ ನೋಟ ಹನ್ನೊಂದು ವರ್ಷದವಳನ್ನು ನೋಡುವ ನೋಟವಲ್ಲ. ಅವಳು ಬೆನ್ನು ಬಗ್ಗಿಸಿ ನಡೆಯಲು ಕಲಿತದ್ದು ಇದರಿಂದ. ಅವಳ ಮೈ ಮುಂದೆ ಓಡಿದೆ, ಮನಸ್ಸು ಇನ್ನೂ ಹನ್ನೊಂದರಲ್ಲೇ ಗೊಂಬೆಗಳ ಡಬ್ಬಿಯನ್ನು ಮಂಚದ ಕೆಳಗೆ ಇಟ್ಟುಕೊಂಡಿದೆ. ಅವನ ಮೈ ಹಿಂದಿದೆ, ಮನಸ್ಸು ಹದಿಮೂರರ ಎಲ್ಲ ಅವಮಾನವನ್ನೂ ತಿಳಿಯುತ್ತದೆ. ಒಬ್ಬಳಿಂದ ಬಾಲ್ಯ ಕಸಿಯುತ್ತೇವೆ, ಇನ್ನೊಬ್ಬನನ್ನು ಬಾಲ್ಯದಿಂದ ಹೊರಗೆ ಬಿಡುವುದಿಲ್ಲ.

ಮೊನ್ನೆ ದಸರೆಗೆ ಮತ್ತೆ ಗೆರೆ ಎಳೆದೆವು. ಅವಳು 149, ಅವನು 145.5. ಆರು ತಿಂಗಳಲ್ಲಿ ಎರಡೂವರೆ ಸೆಂಟಿಮೀಟರ್, ಅಂದರೆ ಇನ್ನೂ ದರ್ಜಿಯ ಲೆಕ್ಕದಲ್ಲೇ ಇದ್ದಾನೆ. ಆದರೆ ಜೂನಿನಲ್ಲಿ ತಂದ ನಾಲ್ಕನೇ ನಂಬರಿನ ಬೂಟು ಕಾಲಿಗೆ ಹಿಡಿಯುತ್ತಿಲ್ಲ, ಆರನೇ ನಂಬರಿನದು ತಂದಿದ್ದೇವೆ. ಪಾದ ಮೊದಲು ಎಂದು ಅವನಿಗೂ ಗೊತ್ತು. ಏನೂ ಹೇಳಲಿಲ್ಲ, ಹಳೆಯ ಬೂಟನ್ನು ತಾನೇ ಒಯ್ದು ವಾಚ್‌ಮನ್ನನ ಮಗನಿಗೆ ಕೊಟ್ಟು ಬಂದ. ಬಾಗಿಲಿನ ಸರಳಿಗೆ ಈಗ ಒದ್ದೆ ಟವೆಲ್ಲು ಜೋತಾಡುತ್ತದೆ.

ದೀಪಾವಳಿಗೆ ನೀವೂ ಊರಿಗೆ ಹೋಗುತ್ತೀರಿ. ಮುಂಬೈಯಿಂದ, ಚೆನ್ನೈಯಿಂದ, ದಿಲ್ಲಿಯಿಂದ ಬಂದ ಮಕ್ಕಳೆಲ್ಲ ಒಂದೇ ಪಡಸಾಲೆಯಲ್ಲಿ ಸೇರುತ್ತಾರೆ. ಯಾರಾದರೂ ಒಬ್ಬರು ಅಣ್ಣ ತಮ್ಮಂದಿರ ಮಕ್ಕಳನ್ನು ಬೆನ್ನಿಗೆ ಬೆನ್ನು ಹಚ್ಚಿ ನಿಲ್ಲಿಸಿಯೇ ನಿಲ್ಲಿಸುತ್ತಾರೆ. ಆಗ ಆ ಗಿಡ್ಡ ಹುಡುಗನನ್ನು ಮೇಲಿನ ಅಟ್ಟದಿಂದ ಪಟಾಕಿ ಪೆಟ್ಟಿಗೆ ಇಳಿಸಲು ಕರೆಯಿರಿ, ಏಣಿ ಇದ್ದೇ ಇರುತ್ತದೆ. ಆ ಎತ್ತರದ ಹುಡುಗಿಯ ಕೈಯಿಂದ ತಟ್ಟೆ ಇಸಿದುಕೊಂಡು ಅಂಗಳಕ್ಕೆ ಆಡಲು ಕಳಿಸಿರಿ.